ಮೋಟಾರಿನ ಮುಂಗಾಜು: ಬಿರುಕು, ದುರಸ್ತಿ, ಖರ್ಚು

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಮಾನ್ಯವಾಗಿ ಸಾಹಿತ್ಯದ ಮಾತು ನಡೆಯುತ್ತದೆ, ಇಲ್ಲವೇ ನಾಡಹಬ್ಬದ ಮಾತು. ಇಂದು ಗಾಜಿನ ಮಾತು ಆಡಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಪಂಡಿತರಲ್ಲ, ಮೆಕ್ಯಾನಿಕರೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಜಮಾ-ಖರ್ಚು ಬರೆಯುವವರು. ಆದರೆ ಗಿರಣಿಯ ಟೆಂಪೊ, ಲಾರಿಗಳ ವಿಮೆಯ ಕಾಗದಗಳು ನಮ್ಮ ಮೇಜನ್ನು ದಾಟಿಯೇ ಹೋಗುತ್ತವೆ. ಸಂಜೆ ಇಲ್ಲಿ ಪತ್ರಿಕೆಗಳನ್ನು ಜೋಡಿಸುತ್ತಿರುವಾಗ ನಮ್ಮವರು ಯಾರಾದರೂ ಇಂಗ್ಲಿಷಿನ ಪಾಲಿಸಿಯೊಂದನ್ನು ಹಿಡಿದುಕೊಂಡು ಬಂದು, “ಇದರಲ್ಲಿ ಏನಿದೆ, ಸ್ವಲ್ಪ ಓದಿ ಹೇಳಿ ಮಾರಾಯರೇ” ಎನ್ನುತ್ತಾರೆ. ಹಾಗೆ ಓದಿ ಹೇಳಿ ಹೇಳಿಯೇ ನಮಗೆ ಈ ವಿಷಯದಲ್ಲಿ ಅಷ್ಟಿಷ್ಟು ತಿಳಿವಳಿಕೆ ಬಂದಿದೆ.

ಈ ವರ್ಷ ಮೇ ರಜೆ ಕಳೆದು ಊರಿನಿಂದ ಮರಳಿದವರಲ್ಲಿ ಮೂವರು ಒಂದೇ ವಾರದಲ್ಲಿ ಒಡೆದ ಗಾಜಿನ ಸಮಾಚಾರ ತಂದರು. ಒಬ್ಬರದು ಪಡುಬಿದ್ರಿಯಿಂದ ಪನ್ವೇಲಿಗೆ ಬರುವ 66ನೆಯ ಹೆದ್ದಾರಿಯಲ್ಲಿ ಆದದ್ದು. ಇನ್ನೊಬ್ಬರದು ಕೊಲ್ಲಾಪುರ ದಾಟಿದ ಮೇಲೆ. ಮೂರನೆಯವರದು ಊರಿನ ಅಂಗಳದಲ್ಲಿಯೇ. ಗಾಡಿ ನಿಲ್ಲಿಸಿದ್ದು ತೆಂಗಿನ ಮರದ ಕೆಳಗೆ, ಮೇಲಿನಿಂದ ಬಿದ್ದದ್ದು ಕಾಯಿ. ಮೂವರೂ ಹೆಚ್ಚು ಕಡಿಮೆ ಒಂದೇ ಬಗೆಯ ಗಾಡಿಯವರು. ಆದರೆ ಒಬ್ಬರು ಒಂದು ಸಾವಿರದೊಳಗೆ ಪಾರಾದರು, ಒಬ್ಬರು ವಿಮೆಯ ಹಣ ಪಡೆದೂ ನಷ್ಟಕ್ಕೆ ಬಿದ್ದರು, ಒಬ್ಬರಿಗೆ ಚಿಕ್ಕಾಸೂ ದೊರೆಯಲಿಲ್ಲ. ಹೀಗೇಕೆ ಆಯಿತೆಂಬುದೇ ಇಂದಿನ ಮಾತು.

ಮೊದಲು ಈ ಗಾಜು ಎಂಥದೆಂದು ನೋಡೋಣ. ನಮ್ಮ ಚಾಲಕರು ಇದನ್ನು ‘ಮುಂದಿನ ಗ್ಲಾಸು’ ಎನ್ನುತ್ತಾರೆ, ಮುಂಬಯಿಯ ಗ್ಯಾರೇಜಿನಲ್ಲಿ ‘ಕಾಚ್’ ಎಂದರೆ ಸಾಕು. ನಾವು ಮುಂಗಾಜು ಎನ್ನೋಣ. ಬಾಗಿಲಿನ ಗಾಜಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಬಾಗಿಲಿನದು ಕಾಯಿಸಿ ಒಮ್ಮೆಲೇ ತಣಿಸಿ ಗಟ್ಟಿಮಾಡಿದ ಗಾಜು. ಒಡೆದರೆ ಕಲ್ಲುಸಕ್ಕರೆಯ ಹರಳಿನಂತೆ ಪುಡಿಪುಡಿಯಾಗಿ ಉದುರುತ್ತದೆ. ಮುಂಗಾಜು ಹಾಗಲ್ಲ. ಹೋಳಿಗೆಯ ನಡುವೆ ಹೂರಣ ಇರುವಂತೆ, ಸುಮಾರು ಎರಡೆರಡು ಮಿಲಿಮೀಟರಿನ ಎರಡು ಗಾಜುಗಳ ನಡುವೆ ಒಂದು ಮಿಲಿಮೀಟರಿಗಿಂತ ತೆಳುವಾದ, ಪಾರದರ್ಶಕವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಒಡೆದರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡೇ ಇರುತ್ತವೆ, ಮುಖಕ್ಕೆ ಹಾರುವುದಿಲ್ಲ. ಎಡ್ವರ್ಡ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರಿಗೆ ಇದರ ಹೊಳಹು ಸಿಕ್ಕಿದ್ದು 1903ರಲ್ಲಿ, ಪ್ರಯೋಗಶಾಲೆಯ ಒಂದು ಸೀಸೆ ಕೆಳಗೆ ಬಿದ್ದಾಗ ಎಂದು ಹೇಳುತ್ತಾರೆ. ಸೀಸೆ ಬಿರುಕು ಬಿಟ್ಟಿತು, ಆದರೆ ಚದುರಲಿಲ್ಲ. ಒಳಗೆ ಒಣಗಿದ ದ್ರಾವಣದ ಪೊರೆಯೊಂದು ಚೂರುಗಳನ್ನು ಹಿಡಿದುಕೊಂಡಿತ್ತು. 1909ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ನಮ್ಮ ದೇಶದಲ್ಲಿಯೂ ಕಾರಿನ ಮುಂಗಾಜು ಇಂಥ ಲ್ಯಾಮಿನೇಟೆಡ್ ಗಾಜೇ ಆಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ ಹೇಳುತ್ತದೆ. ಅದರ ಮೂಲಕ ನೂರಕ್ಕೆ 70ಕ್ಕೆ ಕಡಿಮೆಯಿಲ್ಲದಷ್ಟು ಬೆಳಕು ಹಾಯಬೇಕೆಂಬುದೂ ಅದೇ ನಿಯಮದಲ್ಲಿದೆ.

ಎರಡು ಪದರ ಇರುವುದರಿಂದ ನಮಗೊಂದು ದೊಡ್ಡ ಉಪಕಾರವಾಗಿದೆ. ಕಲ್ಲು ತಾಗಿದಾಗ ಹೆಚ್ಚಾಗಿ ಹೊರಗಿನ ಗಾಜು ಮಾತ್ರ ಏಳುತ್ತದೆ, ಒಳಗಿನದು ಹಾಗೆಯೇ ಉಳಿಯುತ್ತದೆ. ಆಗ ಅದನ್ನು ದುರಸ್ತಿ ಮಾಡಬಹುದು. ಏಟು ಬಿದ್ದ ಕುಳಿಯೊಳಗಿನ ಗಾಳಿಯನ್ನು ಸಣ್ಣ ಪಂಪಿನಿಂದ ಹೀರಿ ತೆಗೆದು, ನೀರಿನಂಥ ರಾಳವನ್ನು ತುಂಬಿ, ನೇರಳಾತೀತ ದೀಪ ಹಿಡಿದು ಗಟ್ಟಿ ಮಾಡುತ್ತಾರೆ. ಅರ್ಧ ಗಂಟೆಯ, ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಗುರುತು ಪೂರ್ತಿ ಮಾಯವಾಗುವುದಿಲ್ಲ, ಮಸುಕಾಗಿ ಕಾಣುತ್ತಿರುತ್ತದೆ. ಆದರೆ ಬಿರುಕು ಹರಿಯುವುದು ನಿಲ್ಲುತ್ತದೆ.

ಇದಕ್ಕೆ ಮಿತಿ ಉಂಟು. ಕುಳಿ ಒಂದು ನಾಣ್ಯದಿಂದ ಮುಚ್ಚುವಷ್ಟು ಇರಬೇಕು. ಗಾಜಿನ ಅಂಚಿಗೆ ತಾಗಿದ ಬಿರುಕನ್ನು ಹಿಡಿಯುವುದು ಕಷ್ಟ, ಏಕೆಂದರೆ ಗಾಜಿನ ಮೇಲಿನ ಎಳೆತವೆಲ್ಲ ಅಂಚಿನಲ್ಲಿಯೇ ಹೆಚ್ಚು. ಚಾಲಕನ ಕಣ್ಣಿನ ನೇರದಲ್ಲಿದ್ದರೆ ರಾಳ ತುಂಬಿದ ಮೇಲೂ ರಾತ್ರಿ ಎದುರುಗಾಡಿಯ ದೀಪ ಅಲ್ಲಿ ಚದುರುತ್ತದೆ. ಆದ್ದರಿಂದ ಬದಲಾಯಿಸುವುದೇ ಲೇಸು. ಒಳಗಿನ ಗಾಜೂ ಒಡೆದಿದ್ದರೆ ದುರಸ್ತಿಯ ಮಾತೇ ಇಲ್ಲ.

ನಮ್ಮ ಮೂವರಲ್ಲಿ ಸಾವಿರದೊಳಗೆ ಪಾರಾದವರು ಮಾಡಿದ ಜಾಣತನ ಇಷ್ಟೇ. ಕಲ್ಲು ತಾಗಿದ ಕೂಡಲೇ ರಸ್ತೆಯ ಬದಿಗೆ ನಿಲ್ಲಿಸಿ, ಮಕ್ಕಳ ಪುಸ್ತಕಕ್ಕೆ ಹಚ್ಚುವ ಪಾರದರ್ಶಕ ಟೇಪಿನ ಒಂದು ತುಂಡನ್ನು ಕುಳಿಯ ಮೇಲೆ ಅಂಟಿಸಿದರು. ದಾರಿಯಲ್ಲಿ ಗಾಜು ತೊಳೆಯಲಿಲ್ಲ. ಕುಳಿಯೊಳಗೆ ಧೂಳು, ಸಾಬೂನು ನೀರು ಸೇರಿದರೆ ರಾಳ ಹಿಡಿಯುವುದಿಲ್ಲ. ಮುಂಬಯಿ ಸೇರಿದ ಮರುದಿನವೇ ಗಾಜಿನ ಅಂಗಡಿಗೆ ಒಯ್ದರು. ಅಲ್ಲಿ ಮೊದಲು “ಬದಲಾಯಿಸಲೇಬೇಕು” ಎಂದರಂತೆ. ನಮ್ಮವರು ಬಿಡದೆ ಇನ್ನೊಂದು ಅಂಗಡಿ ಹುಡುಕಿದರು. ಮಾರುವವನಿಗೆ ಹೊಸ ಗಾಜಿನಲ್ಲಿ ಲಾಭ ಹೆಚ್ಚು ಎಂಬುದು ಲೆಕ್ಕ ಬರೆಯುವ ನಮಗೆ ಆಶ್ಚರ್ಯದ ಸಂಗತಿಯಲ್ಲ.

“ಇಷ್ಟು ಚಿಕ್ಕ ಕುಳಿ, ಇರಲಿ ಬಿಡಿ, ಮಳೆಗಾಲ ಕಳೆಯಲಿ” ಎನ್ನುವವರೂ ಇದ್ದಾರೆ. ಗಾಜಿಗೆ ಕಾಯುವ ಗುಣವಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ಕಾದ ಗಾಡಿಯೊಳಗೆ ಕುಳಿತು ಎ.ಸಿ.ಯನ್ನು ಪೂರ್ತಿ ತಿರುಗಿಸಿ ಗಾಜಿಗೇ ಗಾಳಿ ಬಿಟ್ಟರೆ, ಹೊರಮೈ ಬೆಂಕಿ, ಒಳಮೈ ತಣ್ಣಗೆ. ಒಂದು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಆ ಜಗ್ಗಾಟ ತೀರುವುದು ಕುಳಿಯ ತುದಿಯಲ್ಲಿ. ಸಂಜೆಯ ಹೊತ್ತಿಗೆ ಕೂದಲೆಳೆಯಷ್ಟಿದ್ದ ಗೆರೆ ಒಂದು ಮೊಳ ಉದ್ದವಾಗಿರುತ್ತದೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೂ ಇದೇ ಗತಿ. ಮೊದಲು ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಬಿಡಿ, ಆಮೇಲೆ ಎ.ಸಿ.ಯನ್ನು ಸಣ್ಣಗೆ ಹಾಕಿ. ರಸ್ತೆಯ ಗುಂಡಿಗೆ ಧಡಕ್ಕೆಂದು ಇಳಿಯುವುದೂ, ಬಾಗಿಲನ್ನು ಸಿಟ್ಟಿನಿಂದ ಬಡಿಯುವುದೂ ಬಿರುಕನ್ನು ಮುಂದೆ ದೂಡುತ್ತವೆ.

ಕಲ್ಲು ತಾಗದಂತೆ ನೋಡಿಕೊಳ್ಳುವುದು ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ಆದರೂ ಒಂದು ಮಾತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮುಂದೆ ಜಲ್ಲಿ ತುಂಬಿದ ಲಾರಿ, ಅದಕ್ಕೆ ತಾಡಪತ್ರಿ ಇಲ್ಲ, ನಾವು ಅದರ ಬಾಲಕ್ಕೆ ಅಂಟಿಕೊಂಡಿದ್ದೇವೆ, ಇನ್ನೇನಾದೀತು? ವೇಗ ಇಮ್ಮಡಿಯಾದರೆ ಕಲ್ಲಿನ ಪೆಟ್ಟು ನಾಲ್ಮಡಿಯಾಗುತ್ತದೆ. ದುರಸ್ತಿ ನಡೆದಿರುವ ರಸ್ತೆಯಲ್ಲಿ ಲಾರಿಯಿಂದ ದೂರ ಉಳಿಯಿರಿ. ಹಿಂದಿಕ್ಕುವುದಾದರೆ ಬೇಗ ಹಿಂದಿಕ್ಕಿ, ಪಕ್ಕದಲ್ಲಿ ಜೋಲಿ ಹೊಡೆಯಬೇಡಿ. ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಬೇಡಿರೆಂದು ಕರಾವಳಿಯವರಿಗೆ ನಾವು ಹೇಳಹೋದರೆ ನಗುತ್ತಾರೆ. ಆದರೂ ನಿಲ್ಲಿಸುವವರು ಅವರೇ.

ವೈಪರಿನ ವಿಷಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಬ್ಬರು ಸವೆದು ಒಳಗಿನ ತಗಡು ಗಾಜಿಗೆ ತಾಗಿದರೆ ಬಿಲ್ಲಿನಂಥ ಗೀರು ಬೀಳುತ್ತದೆ, ಅದನ್ನು ಹೋಗಲಾಡಿಸುವುದು ಬಲು ಕಷ್ಟ. ಜೂನ್ ಮೊದಲ ಮಳೆಗೆ ಮುಂಚೆ ಹೊಸ ರಬ್ಬರು ಹಾಕಿಸಿ. ಒಣ ಧೂಳಿನ ಮೇಲೆ ವೈಪರ್ ಆಡಿಸಬೇಡಿ. ರಬ್ಬರು ಬದಲಾಯಿಸುವಾಗ ಎತ್ತಿ ಹಿಡಿದ ಕಬ್ಬಿಣದ ತೋಳು ಕೈಜಾರಿ ಸ್ಪ್ರಿಂಗಿನ ಬಲದಿಂದ ಬರಿಯ ಗಾಜಿಗೆ ಬಡಿದರೆ ಮುಗಿಯಿತು. ಹಾಗೆ ಒಡೆದ ಗಾಜುಗಳು ಎಷ್ಟೋ ಇವೆ. ಕೆಳಗೆ ಒಂದು ದಪ್ಪ ಬಟ್ಟೆ ಮಡಿಸಿ ಇಡಿ. ಬೆಳಗಿನ ಜಾವ ಗಾಡಿ ಒರೆಸುವ ಹುಡುಗನಿಗೂ ಎರಡು ಒಳ್ಳೆಯ ಬಟ್ಟೆ ಕೊಡಿಸಿ. ಒಂದೇ ಬಕೆಟ್ ನೀರಿನಲ್ಲಿ ಹತ್ತು ಗಾಡಿ ಒರೆಸಿದ ಬಟ್ಟೆಯೆಂದರೆ ಅದು ಮರಳು ಕಾಗದವೇ ಸೈ.

ಇನ್ನು ಹಣದ ಮಾತು. ನಮ್ಮ ನಿಜವಾದ ಕಸುಬು ಇಲ್ಲಿದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಕೊಡಿ.

ಚಿಕ್ಕಾಸೂ ದೊರೆಯದವರ ಕಥೆಯನ್ನು ಮೊದಲು ಹೇಳುತ್ತೇವೆ. ಅವರು ಗಾಡಿ ಕೊಂಡು ಎರಡು ವರ್ಷವಾಗಿತ್ತು. “ನಮಗೆ ಮೂರು ವರ್ಷದ ವಿಮೆ ಇದೆ” ಎಂದು ನೆಮ್ಮದಿಯಿಂದಿದ್ದರು. ಕಾಗದ ಬಿಡಿಸಿ ನೋಡಿದರೆ ಮೂರು ವರ್ಷದ್ದು ‘ಥರ್ಡ್ ಪಾರ್ಟಿ’ ಮಾತ್ರ. ಅಂದರೆ ನಮ್ಮ ಗಾಡಿಯಿಂದ ಇತರರಿಗೆ ಆದ ಹಾನಿಗೆ ಕೊಡುವ ವಿಮೆ. ಕಾನೂನು ಕಡ್ಡಾಯ ಮಾಡಿರುವುದು ಅದನ್ನೇ. ನಮ್ಮ ಸ್ವಂತ ಗಾಡಿಗೆ ಆದ ಹಾನಿಗೆ ‘ಓನ್ ಡ್ಯಾಮೇಜ್’ ಎಂಬ ಬೇರೆ ಭಾಗವಿದೆ. 2018ರ ಸೆಪ್ಟೆಂಬರಿನಿಂದ ಹೊಸ ಖಾಸಗಿ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ತೆಗೆದುಕೊಳ್ಳಬೇಕಾಯಿತು. ಅದರ ಜೊತೆಗೆ ಕೊಡುವ ಓನ್ ಡ್ಯಾಮೇಜ್ ಬಹಳ ಪಾಲಿಸಿಗಳಲ್ಲಿ ಒಂದೇ ವರ್ಷದ್ದು. ಎರಡನೆಯ ವರ್ಷ ಅದನ್ನು ನವೀಕರಿಸದಿದ್ದರೂ ಪೊಲೀಸರು ಕೇಳುವುದಿಲ್ಲ, ಗಾಡಿ ನಿರಾತಂಕವಾಗಿ ಓಡುತ್ತದೆ. ತೆಂಗಿನಕಾಯಿ ಬಿದ್ದ ದಿನ ಮಾತ್ರ ಗೊತ್ತಾಗುತ್ತದೆ. ತಾವೆಲ್ಲರೂ ಮನೆಗೆ ಹೋಗಿ ಪಾಲಿಸಿಯ ಮೊದಲ ಪುಟದಲ್ಲಿ ಈ ಎರಡು ಭಾಗಗಳ ಮುಂದೆ ಬರೆದ ಎರಡು ಬೇರೆ ಬೇರೆ ತಾರೀಖುಗಳನ್ನು ನೋಡಿರಿ.

ಓನ್ ಡ್ಯಾಮೇಜ್ ಇದ್ದರೆ ಗಾಜಿಗೆ ಹಣ ಸಿಗುತ್ತದೆ. ಅಷ್ಟೇ ಅಲ್ಲ, ಗಾಜಿನ ವಿಷಯದಲ್ಲಿ ವಿಮೆಯವರು ಉದಾರಿಗಳೇ. ರಬ್ಬರು, ಪ್ಲಾಸ್ಟಿಕ್ ಸಾಮಾನಿಗೆ ಅರ್ಧದಷ್ಟು ಸವಕಳಿ ಕಳೆಯುತ್ತಾರೆ. ಕಬ್ಬಿಣದ ಭಾಗಗಳಿಗೆ ಗಾಡಿಯ ವಯಸ್ಸು ನೋಡಿ ಕಳೆಯುತ್ತಾರೆ. ಗಾಜಿಗೆ ಮಾತ್ರ ಸಾಮಾನ್ಯ ಪಾಲಿಸಿಯಲ್ಲಿಯೇ ಸವಕಳಿ ಇಲ್ಲ. ಆದ್ದರಿಂದ “ಗಾಜು ಒಡೆದರೆ ಪೂರ್ತಿ ಹಣ ಬರಬೇಕೇ? ‘ಜೀರೋ ಡೆಪ್’ ತೆಗೆದುಕೊಳ್ಳಿ” ಎಂದು ಏಜೆಂಟರು ಹೇಳಿದರೆ, ಬರಿಯ ಗಾಜಿಗಾಗಿ ಅದು ಬೇಕಿಲ್ಲವೆಂದು ತಿಳಿಯಿರಿ. ಗಾಜಿನ ಸುತ್ತಲಿನ ರಬ್ಬರಿನ ಪಟ್ಟಿಗೆ ಅದು ಉಪಯೋಗ. ಬಂಪರು, ಮಡ್‌ಗಾರ್ಡುಗಳಿಗೆ ಬಹಳ ಉಪಯೋಗ. ಅದು ಬೇರೆ ಮಾತು. ಪ್ರತಿಯೊಂದು ಕ್ಲೇಮಿನಲ್ಲಿಯೂ ನಾವೇ ಭರಿಸಬೇಕಾದ ಕಡ್ಡಾಯ ಕಡಿತ ಒಂದಿದೆ: 1500 ಸಿ.ಸಿ.ಯವರೆಗಿನ ಖಾಸಗಿ ಕಾರಿಗೆ 1,000 ರೂಪಾಯಿ, ಅದಕ್ಕೆ ಮೇಲ್ಪಟ್ಟದ್ದಕ್ಕೆ 2,000. ಟ್ಯಾಕ್ಸಿ, ಟೆಂಪೊಗಳ ಪಾಲಿಸಿಯಲ್ಲಿ ಈ ಅಂಕಿ ಬೇರೆ ಇರುತ್ತದೆ.

ಹಾಗಾದರೆ ಹಣ ಪಡೆದೂ ನಷ್ಟವಾದದ್ದು ಹೇಗೆ? ‘ನೋ ಕ್ಲೇಮ್ ಬೋನಸ್’ ಎಂಬುದರಿಂದ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದ ಓನ್ ಡ್ಯಾಮೇಜ್ ಕಂತಿನಲ್ಲಿ ನೂರಕ್ಕೆ 20 ಬಿಡುತ್ತಾರೆ. ಸತತ ಎರಡನೆಯ ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಂದೇ ಒಂದು ಕ್ಲೇಮ್ ಮಾಡಿದರೆ ಪುನಃ ಸೊನ್ನೆ; ಮೊದಲ ಮೆಟ್ಟಿಲಿನಿಂದ ಹತ್ತಬೇಕು.

ಒಂದು ಲೆಕ್ಕ ಮಾಡೋಣ. ಕಂತು ಬೋನಸ್ ಕಳೆಯುವ ಮೊದಲು ವರ್ಷಕ್ಕೆ 8,000 ರೂಪಾಯಿ ಎಂದಿಟ್ಟುಕೊಳ್ಳಿ. ಗಾಡಿಯವರು 50ರ ಮೆಟ್ಟಿಲಿನಲ್ಲಿದ್ದಾರೆ, 4,000 ಕಟ್ಟುತ್ತಿದ್ದಾರೆ. ಗಾಜಿನ ಬಿಲ್ಲು 7,000. ಕ್ಲೇಮ್ ಮಾಡಿದರು, 1,000 ಕಳೆದು 6,000 ಬಂತು. ಸಂತೋಷ. ಮುಂದಿನ ವರ್ಷ ಬೋನಸ್ ಇಲ್ಲ, ಪೂರ್ತಿ 8,000 ಕಟ್ಟಿದರು, 4,000 ಹೆಚ್ಚು. ಅದರ ಮುಂದಿನ ವರ್ಷ ಬೋನಸ್ 20 ಮಾತ್ರ. ಆದ್ದರಿಂದ 2,400 ಹೆಚ್ಚು. ಮೂರನೆಯ ವರ್ಷ 25; ಹೆಚ್ಚು ಹೋದದ್ದು 2,000. ನಾಲ್ಕನೆಯ ವರ್ಷ 1,200. ಐದನೆಯ ವರ್ಷ 400. ಕೂಡಿಸಿ ನೋಡಿ: ಸರಿಯಾಗಿ 10,000. ಆರು ಸಾವಿರ ಪಡೆಯಲು ಹತ್ತು ಸಾವಿರ ಕೊಟ್ಟಂತಾಯಿತು. ಗಾಡಿ ಹಳೆಯದಾದಂತೆ ಅದರ ಬೆಲೆ ಇಳಿದು ಕಂತೂ ಇಳಿಯುವುದರಿಂದ ನಷ್ಟ ಇಷ್ಟೇ ಇರದೆ ಸ್ವಲ್ಪ ಕಡಿಮೆಯಾದೀತು. ಆದರೂ ನಷ್ಟ ನಷ್ಟವೇ.

ಅದೇ 7,000ದ ಗಾಜು ಹೊಸ ಗಾಡಿಯ ಮೊದಲ ವರ್ಷದಲ್ಲಿಯೇ ಒಡೆಯಿತೆನ್ನಿ. ಕೈಯಲ್ಲಿ ಬೋನಸ್ ಇನ್ನೂ ಬಂದೇ ಇಲ್ಲ. ಮೆಟ್ಟಿಲು ಹತ್ತುವುದು ಒಂದು ವರ್ಷ ತಡವಾಗುತ್ತದೆ, ಅಷ್ಟೇ. ಆಗ ಕ್ರಮವಾಗಿ 20, 5, 10, 10, 5 ರಷ್ಟು ಕಳೆದುಕೊಳ್ಳುತ್ತಾರೆ. ಒಟ್ಟು 50, ಎಂದರೆ 4,000 ರೂಪಾಯಿ. ಅವರು ಕ್ಲೇಮ್ ಮಾಡಿದರೆ 2,000 ಲಾಭ. ನೋಡಿ, ಗಾಜೂ ಅದೇ, ಬಿಲ್ಲೂ ಅದೇ, ಉತ್ತರ ಎರಡು. “ವಿಮೆ ಇದೆ, ಕ್ಲೇಮ್ ಮಾಡಿಬಿಡಿ” ಎಂದು ಗ್ಯಾರೇಜಿನವರು ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ. ಅವರಿಗೆ ಬಿಲ್ಲು ಯಾರು ತೆತ್ತರೂ ಒಂದೇ.

ಇನ್ನು ಕೆಲವು ಹೊಸ ಗಾಡಿಗಳಲ್ಲಿ ಮುಂಗಾಜಿನ ಹಿಂದೆ ರಸ್ತೆ ನೋಡುವ ಕ್ಯಾಮೆರಾ ಇರುತ್ತದೆ. ಅಂಥ ಗಾಜಿನ ಬೆಲೆ ಬಹಳ ಹೆಚ್ಚು. ಬದಲಾಯಿಸಿದ ಮೇಲೆ ಕ್ಯಾಮೆರಾದ ದೃಷ್ಟಿಯನ್ನು ಮತ್ತೆ ಸರಿಹೊಂದಿಸುವ ಖರ್ಚು ಬೇರೆ. ಅಲ್ಲಿ ಹಿಂಜರಿಯದೆ ಕ್ಲೇಮ್ ಮಾಡಬೇಕು. ಬೋನಸ್ ಉಳಿಸಿಕೊಡುವ ಹೆಚ್ಚುವರಿ ರಕ್ಷಣೆಯನ್ನು ಕೆಲವು ಕಂಪೆನಿಗಳು ಸಣ್ಣ ಮೊತ್ತಕ್ಕೆ ಕೊಡುತ್ತವೆ. ಗಾಜಿನ ಕೆಲಸಕ್ಕೆ ಬೋನಸ್ ಕಳೆಯುವುದಿಲ್ಲ ಎಂದು ಬರೆಯುವ ಕಂಪೆನಿಗಳೂ ಇವೆ. ಆಗ ಒಂದೇ ಶಬ್ದವನ್ನು ಹುಡುಕಿ ಓದಿ: ‘ರಿಪೇರ್’ ಎಂದಿದೆಯೋ, ‘ರಿಪ್ಲೇಸ್‌ಮೆಂಟ್’ ಎಂದೂ ಇದೆಯೋ? ಮೊದಲನೆಯದು ಮಾತ್ರ ಇದ್ದರೆ ಹೊಸ ಗಾಜಿಗೆ ಅದು ಅನ್ವಯಿಸದು.

ಕಂಪೆನಿ ಬದಲಾಯಿಸಿ, ಹಿಂದಿನ ಕ್ಲೇಮನ್ನು ಮುಚ್ಚಿಟ್ಟು, ಬೋನಸ್ ಪಡೆಯಬಹುದೆಂದು ಉಪದೇಶಿಸುವ ಜಾಣರಿದ್ದಾರೆ. ಅವರ ಮಾತು ಕೇಳಬೇಡಿ. ಹೊಸ ಕಂಪೆನಿ ಹಳೆಯದನ್ನು ವಿಚಾರಿಸುತ್ತದೆ. ದೊಡ್ಡ ಅಪಘಾತದ ದಿನ ಆ ಸುಳ್ಳು ಮೇಲೆ ಬಂದರೆ ಗಾಜಿನದಲ್ಲ, ಇಡೀ ಗಾಡಿಯ ಹಣಕ್ಕೇ ಸಂಚಕಾರ. ಖಾಸಗಿ ನಂಬರಿನ ಕಾರನ್ನು ಬಾಡಿಗೆಗೆ ಓಡಿಸುವವರಿಗೂ ಇದೇ ಎಚ್ಚರಿಕೆ. ಬಾಡಿಗೆಯ ಹೊತ್ತಿನಲ್ಲಿ ಒಡೆದದ್ದಕ್ಕೆ ಖಾಸಗಿ ಪಾಲಿಸಿ ಹಣ ಕೊಡುವುದಿಲ್ಲ.

ಕ್ಲೇಮ್ ಮಾಡುವುದೇ ನಿಶ್ಚಯವಾದರೆ ಗಾಜು ತೆಗೆಸುವ ಮೊದಲು ಕಂಪೆನಿಗೆ ತಿಳಿಸಿ. ಒಡೆದ ಗಾಜೂ ಗಾಡಿಯ ನಂಬರೂ ಒಟ್ಟಿಗೆ ಕಾಣುವಂತೆ ಚಿತ್ರ ತೆಗೆದುಕೊಳ್ಳಿ. ಅವರು ತಮ್ಮವರನ್ನು ಕಳುಹಿಸಬಹುದು, ಇಲ್ಲವೇ ಮೊಬೈಲಿನಲ್ಲಿಯೇ ಚಿತ್ರ ಕೇಳಬಹುದು. ತೆಗೆಸಿ ಎಸೆದ ಮೇಲೆ ದೂರು ಕೊಟ್ಟರೆ ತೋರಿಸಲು ಏನೂ ಇರುವುದಿಲ್ಲ. ನ್ಯಾಯವಾದ ಹಣವನ್ನು ಕೊಡದೆ ಸತಾಯಿಸಿದರೆ ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಲೋಕಪಾಲರಲ್ಲಿಗೆ ಹೋಗಬಹುದು. ಮುಂಬಯಿಯಲ್ಲಿಯೂ ಅವರ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಡ.

ಹೊಸ ಗಾಜು ಕೂರಿಸುವಾಗ ಬಳಿಯಲ್ಲಿ ನಿಂತು ನೋಡಿರಿ. ಹಿಂದೆ ನಮ್ಮ ಪದ್ಮಿನಿ ಟ್ಯಾಕ್ಸಿಗಳಲ್ಲಿ ರಬ್ಬರಿನ ಪಟ್ಟಿಗೆ ಹಗ್ಗ ಹಾಕಿ ಎಳೆದು ಗಾಜು ಕೂರಿಸುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳು ಮುಂಬಯಿಯ ಬೀದಿಯಿಂದ ಹೋದವು, ಆ ಕೆಲಸವೂ ಅಪರೂಪವಾಯಿತು. ಈಗಿನ ಗಾಡಿಗಳಲ್ಲಿ ಗಾಜನ್ನು ಅಂಟಿನಿಂದ ಚೌಕಟ್ಟಿಗೆ ಹಚ್ಚುತ್ತಾರೆ. ಗಾಡಿ ಮಗುಚಿದರೆ ಛಾವಣಿ ಕುಸಿಯದಂತೆ ಆಧಾರ ಕೊಡುವುದರಲ್ಲಿ ಆ ಗಾಜಿಗೂ ಪಾಲಿದೆ. ಎಷ್ಟೋ ಗಾಡಿಗಳಲ್ಲಿ ಪಕ್ಕದವರ ಏರ್‌ಬ್ಯಾಗ್ ಅದಕ್ಕೇ ಒತ್ತಿಕೊಂಡು ಉಬ್ಬುತ್ತದೆ. ಅಂಟು ಸಡಿಲವಾದರೆ ಇದೆಲ್ಲ ವ್ಯರ್ಥ. ಅಂಟು ಹಿಡಿಯಲು ಎಷ್ಟು ಹೊತ್ತು ಬೇಕೆಂದು ಕೇಳಿ, ಅಷ್ಟು ಹೊತ್ತು ಗಾಡಿ ಎತ್ತಬೇಡಿ. ಆ ದಿನ ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿಡಿ, ಬಾಗಿಲು ಬಡಿದಾಗ ಒಳಗಿನ ಗಾಳಿ ಗಾಜನ್ನು ಹೊರಗೆ ನೂಕದಿರಲಿ. ಗಾಜಿನ ಮೂಲೆಯಲ್ಲಿ ತಯಾರಕರ ಗುರುತೂ ಐ.ಎಸ್.ಐ. ಗುರುತೂ ಇವೆಯೇ ನೋಡಿ, ಅದನ್ನು ಬಿಲ್ಲಿನ ಜೊತೆ ತಾಳೆ ಹಾಕಿ.

ಇನ್ನೊಂದು ಚಿಕ್ಕ ವಿಷಯ. ಹಳೆಯ ಗಾಜಿನೊಡನೆ ಅದಕ್ಕೆ ಅಂಟಿಸಿದ ಫಾಸ್ಟ್ಯಾಗ್ ಕೂಡ ಹೋಗುತ್ತದೆ. ಕಿತ್ತು ತೆಗೆದರೆ ಅದು ಕೆಡುತ್ತದೆ. ಕೊಟ್ಟ ಬ್ಯಾಂಕಿಗೆ ಹೇಳಿ ಅದೇ ಖಾತೆಗೆ ಬದಲಿ ಟ್ಯಾಗ್ ತರಿಸಿಕೊಳ್ಳಿ. ಇಲ್ಲವಾದರೆ ಹೊಸ ಗಾಜಿನ ಸಂತೋಷದಲ್ಲಿ ಊರಿಗೆ ಹೊರಟವರು ಮೊದಲ ಟೋಲ್ ನಾಕೆಯಲ್ಲಿಯೇ ಹೆಚ್ಚು ಹಣ ತೆರಬೇಕಾಗುತ್ತದೆ.

ಬರುವ ಮೂರು ರವಿವಾರ ಸಂಜೆ ಐದರಿಂದ ಏಳರವರೆಗೆ ನಾವು ವಾಚನಾಲಯದಲ್ಲಿಯೇ ಇರುತ್ತೇವೆ. ಪಾಲಿಸಿ ಇದ್ದವರು ತನ್ನಿರಿ, ಒಟ್ಟಿಗೆ ಕುಳಿತು ಓದೋಣ. ಮೊದಲ ಪುಟ ಮಾತ್ರವಲ್ಲ, ಎಲ್ಲ ಪುಟಗಳನ್ನೂ ತನ್ನಿ. ಹಿಂದಿನ ವರ್ಷದ್ದು ಇದ್ದರೆ ಅದೂ ಇರಲಿ. ಬೋನಸ್ ಎಷ್ಟನೆಯ ಮೆಟ್ಟಿಲಿನಲ್ಲಿದೆಯೆಂಬುದು ಅದರಿಂದಲೇ ತಿಳಿಯಬೇಕು.